ಊರು ಹೇಳದ ಪುಟ

ಹಳಿಯಾಳದ ಪೇಟೆಯಲ್ಲಿ ಕಿರಣಕುಮಾರನದು ರೇಡಿಯೋ, ಟಿವಿ ರಿಪೇರಿಯ ಸಣ್ಣ ಅಂಗಡಿ. ಮದುವೆಯಾದ ಮರುವರ್ಷ ಅವನ ಮನಸ್ಸಿಗೆ ಕಾಯಿಲೆ ತಗುಲಿತು. ರಿಪೇರಿಗೆ ಬಂದ ರೇಡಿಯೋಗಳು ತನ್ನ ಹೆಸರು ಹಿಡಿದು ಮಾತಾಡುತ್ತಿವೆ ಎಂದು ನಿದ್ದೆ ಬಿಟ್ಟು ಕೂರತೊಡಗಿದ. ಹೆಂಡತಿ ನಿರ್ಮಲಾ ಮತ್ತು ತಾಯಿ ಕಾಶೆವ್ವ ಇಬ್ಬರೂ ಸೇರಿ ಅವನನ್ನು ಧಾರವಾಡಕ್ಕೆ ಕರೆದೊಯ್ದರು. ಡಾಕ್ಟರು ಕೊಟ್ಟ ಗುಳಿಗೆಗಳಿಂದ ಅವನು ಸುಧಾರಿಸಿದ. ಐದಾರು ವರ್ಷ ಎಲ್ಲರಂತೆ ಅಂಗಡಿ ತೆರೆದ, ನಕ್ಕ, ಗಿರಾಕಿಗಳೊಡನೆ ಕ್ರಿಕೆಟ್ಟಿನ ಮಾತಾಡಿದ.

ಒಂದು ದಿನ ನಿರ್ಮಲಾ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಒಂದು ಹಿಡಿ ಗುಳಿಗೆ ಸಿಕ್ಕವು.

"ಇವನ್ನ ಯಾಕ ತಗೊಂಡಿಲ್ಲರಿ?" ಎಂದು ಕೇಳಿದಳು.

"ತಗೊಂಡ್ರ ಕೈ ನಡಗತಾವ. ಸಣ್ಣ ತಂತಿಗೆ ಬೆಸುಗಿ ಹಾಕಾಕ ಆಗೂದಿಲ್ಲ. ಕೆಲಸಾ ಮಾಡೂದು ಹೆಂಗ?" ಎಂದ ಅವನು. ಅಂದು ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಮತ್ತೊಮ್ಮೆ ಧಾರವಾಡಕ್ಕೆ ಹೋಗಿ ಬೇರೆ ಗುಳಿಗೆ ಕೇಳೋಣ ಎಂದು ಇಬ್ಬರೂ ಮಾತಾಡಿಕೊಂಡರು. ಆದರೆ ಅದೇ ವಾರ, ಟಿವಿಯ ಯಾವುದೋ ಪಾರ್ಟು ಬೇಕು, ದಾಂಡೇಲಿಯಲ್ಲಿ ಸಿಗುತ್ತದೆ ಎಂದು ಹೇಳಿ ಬೆಳಗಿನ ಬಸ್ಸು ಹತ್ತಿದವನು ಮರಳಿ ಬರಲಿಲ್ಲ. ೨೦೦೨ನೆಯ ಇಸವಿಯ ಚಳಿಗಾಲ ಅದು.

ಹುಡುಕದ ಜಾಗವಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ದಾಂಡೇಲಿಯ ಅಂಗಡಿಗಳನ್ನೆಲ್ಲ ಕೇಳಿದರು. ಮೌಳಂಗಿಯ ಹೊಳೆದಂಡೆಯಲ್ಲಿ ಒಂದು ಜೊತೆ ಚಪ್ಪಲಿ ಬಿದ್ದಿವೆಯೆಂದು ಯಾರೋ ಹೇಳಿದಾಗ ನಿರ್ಮಲಾ ಓಡಿದಳು, ಅವು ಅವನವಲ್ಲ. ಉಳವಿಗೆ ಹೋಗಿ ದಾಸೋಹದ ಪಂಕ್ತಿಯಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ರೇಡಿಯೋ ರಿಪೇರಿ ಮಾಡುವ ಹೊಸಬನೊಬ್ಬ ಬಂದಿದ್ದಾನೆಂದು ಕೇಳಿ ಅಲ್ಲಿಗೂ ಹೋಗಿ ಬಂದರು. ಕೊನೆಗೆ ಕ್ಯಾಸಲ್‌ರಾಕ್‌ನ ರೈಲ್ವೆ ಗ್ಯಾಂಗಿನವನೊಬ್ಬ ಫೋಟೊ ನೋಡಿ, ಇಂಥವನೊಬ್ಬ ಹಳಿಯ ಗುಂಟ ಘಟ್ಟ ಇಳಿದು ಹೋದದ್ದನ್ನು ಕಂಡೆ ಎಂದ. ಅಲ್ಲಿಗೆ ಸುದ್ದಿ ನಿಂತಿತು. ಘಟ್ಟದ ಕೆಳಗೆ ಗೋವೆ. ಗೋವೆಯಲ್ಲಿ ಅವರಿಗೆ ಗುರುತಿನವರು ಯಾರೂ ಇರಲಿಲ್ಲ.

ಕಾಶೆವ್ವ ಮಾತ್ರ ದಿನಾ ಅಂಗಡಿಯ ಬಾಗಿಲು ತೆರೆದು ಕೂರುತ್ತಿದ್ದಳು. ಕೆಟ್ಟ ರೇಡಿಯೋ ತಂದವರಿಗೆ, "ಇಟ್ಟು ಹೋಗ್ರಿ, ಅವ ಬಂದಿಂದ ನೋಡ್ತಾನ" ಎನ್ನುತ್ತಿದ್ದಳು. ಕೆಲವರು ಇಟ್ಟು ಹೋದರು. ತಿಂಗಳುಗಟ್ಟಲೆ ಕಾದು, ಮುಖ ತಗ್ಗಿಸಿ ಬಂದು ತಮ್ಮ ತಮ್ಮ ರೇಡಿಯೋ ಒಯ್ದರು. ಯಾರಿಗೂ ಬೈಯಲಿಲ್ಲ ಕಾಶೆವ್ವ. ಅತ್ತೂ ಇರಲಿಲ್ಲ. ಮಗ ಹೋದ ದಿನದಿಂದ ಅವಳ ಕಣ್ಣಲ್ಲಿ ನೀರು ಕಂಡವರಿಲ್ಲ. "ಸತ್ತವರಿಗೆ ಅಳೂದು. ಅವ ಇದ್ದಾನ" ಎಂಬುದು ಅವಳ ಮಾತು.

ಮನೆ ನಡೆಯಬೇಕಲ್ಲ. ನಿರ್ಮಲಾ ಬಿ.ಎ. ಮಾಡಿದ್ದಳು, ಟೈಪಿಂಗ್ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಅಡಿವೆಯ್ಯ ಎಂಬ ನಡುವಯಸ್ಸಿನವರು ಕಂಪ್ಯೂಟರ್ ಸೆಂಟರ್ ತೆರೆದಿದ್ದರು. ಲಗ್ನಪತ್ರಿಕೆ, ಅರ್ಜಿಗಳ ಟೈಪಿಂಗ್ ಒಂದು ಕಡೆ, ಇಂಟರ್‌ನೆಟ್ಟಿನ ಎರಡು ಕಂಪ್ಯೂಟರ್ ಇನ್ನೊಂದು ಕಡೆ. ನಿರ್ಮಲಾ ಅಲ್ಲಿ ಕೆಲಸಕ್ಕೆ ಸೇರಿದಳು. ಕೈ ಖಾಲಿಯಾದಾಗ ಇಂಟರ್‌ನೆಟ್ಟಿನಲ್ಲಿ ಗಂಡನನ್ನು ಹುಡುಕತೊಡಗಿದಳು. ಅವನ ಹೆಸರು, ಊರು, 'ಕಳೆದುಹೋದವರು', 'ಗೋವಾ', 'ಕನ್ನಡ ಮಾತಾಡುವವನು' ಎಂದು ಇಂಗ್ಲಿಷಿನಲ್ಲಿ ಏನೇನೋ ಕೂಡಿಸಿ ಬರೆದು ನೋಡುವಳು. ಬರುವುದೆಲ್ಲ ಹೋಟೆಲುಗಳ ಪುಟಗಳೇ. ಅಡಿವೆಯ್ಯನವರು ನೋಡಿಯೂ ನೋಡದಂತಿರುತ್ತಿದ್ದರು.

೨೦೦೪ರ ಮಳೆಗಾಲ ಶುರುವಾದ ಹೊಸತು. ಒಂದು ಮಧ್ಯಾಹ್ನ ಹಾಗೆಯೇ ಹುಡುಕುತ್ತಿದ್ದಾಗ ಒಂದು ಪುಟ ಮೆಲ್ಲಗೆ ತೆರೆಯಿತು. ಮೊದಲು ಹಳದಿ ಗೋಡೆ ಕಂಡಿತು, ಆಮೇಲೆ ಕೂದಲು, ಹಣೆ. ಕಣ್ಣು ಬರುವ ಹೊತ್ತಿಗೆ ನಿರ್ಮಲಾ ಎದ್ದು ನಿಂತಿದ್ದಳು.

"ಅಯ್ಯಾರ! ಇಲ್ಲಿ ಬರ್ರಿ ಸ್ವಲ್ಪ! ಇವರ ಅಲ್ಲೇನ್ರಿ?"

ಅಡಿವೆಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಆದರೂ ಅನುಮಾನವಿರಲಿಲ್ಲ. "ಹೌದವ್ವಾ. ಕಿರಣಕುಮಾರನ" ಎಂದರು.

ಫೋಟೊದ ಕೆಳಗೆ ಇಂಗ್ಲಿಷಿನಲ್ಲಿ ಮೂರು ಸಾಲು. ಹೆಸರು ಕಿರಣ ಎನ್ನುತ್ತಾನೆ. ಕನ್ನಡ, ಮರಾಠಿ ಮಾತಾಡುತ್ತಾನೆ, ರೇಡಿಯೋ ರಿಪೇರಿ ಬಲ್ಲ. ದೇಹಸ್ಥಿತಿ ಚೆನ್ನಾಗಿಲ್ಲ. ಅಷ್ಟೇ. ಬೀದಿಯಲ್ಲಿ ಅಲೆಯುವವರನ್ನು ಕರೆತಂದು ಸಾಕುವ ಗೋವೆಯ ಒಂದು ಸಂಸ್ಥೆಯ ಪುಟ ಅದು ಎಂಬುದು ಮೂಲೆಯಲ್ಲಿದ್ದ ಹೆಸರಿನಿಂದ ತಿಳಿಯಿತು. ಆದರೆ ಅವನು ಎಲ್ಲಿದ್ದಾನೆ? ಊರಿನ ಹೆಸರಿಲ್ಲ. ಆಶ್ರಮದ ಹೆಸರಿಲ್ಲ. ಕೆಳಗೆ 'ಹಿಂದಿನ ಫೋಟೊ', 'ಮುಂದಿನ ಫೋಟೊ' ಎಂಬ ಎರಡು ಬಾಣದ ಗುರುತು ಮಾತ್ರ. ಏನಾದರೂ ಹೇಳೀತೆಂದು ನಿರ್ಮಲಾ 'ಮುಂದಿನ' ಒತ್ತಿದಳು. ಯಾರೋ ಮುದುಕ. ಮತ್ತೆ ಒತ್ತಿದಳು. ಇನ್ನೊಬ್ಬ. 'ಹಿಂದಿನ' ಒತ್ತಿದರೆ ಪುಟ ಅರ್ಧಕ್ಕೇ ನಿಂತಿತು. ಗಂಡನ ಮುಖ ಮರಳಿ ಬರಲಿಲ್ಲ. ಎರಡನೆಯ ಸಲ ಕಳೆದುಕೊಂಡೆನೇನೋ ಎಂದು ಮತ್ತೆ ಮತ್ತೆ ಅದನ್ನೇ ಒತ್ತಿದಳು.

"ಗಾಬರಿ ಆಗಬ್ಯಾಡ. ಮೊದಲ ಹೆಂಗ ಹುಡುಕಿದ್ದಿ, ಹಂಗ ಹುಡುಕು" ಎಂದರು ಅಡಿವೆಯ್ಯ.

ಮೊದಲಿನ ಮಾತುಗಳನ್ನೇ ಮತ್ತೆ ಬರೆದಾಗ ಪುಟ ಸಿಕ್ಕಿತು. ಕೂಡಲೇ ಒಂದು ಬಣ್ಣದ ಪ್ರಿಂಟ್ ತೆಗೆದರು. ಈ ಪುಟದಿಂದ ಮೇಲಕ್ಕೆ ಹೋಗುವ ದಾರಿಯೇ ಇರಲಿಲ್ಲ. ಅಡಿವೆಯ್ಯನವರು ಪುಟದ ವೆಬ್ ವಿಳಾಸದ ಕೊನೆಯ ಭಾಗವನ್ನು ಅಳಿಸಿ ನೋಡಿದರು. ಅಂಥ ಪುಟವಿಲ್ಲ ಎಂಬ ಉತ್ತರ ಬಂತು. ಸಂಸ್ಥೆಯ ಹೆಸರು ಹಿಡಿದು ಹುಡುಕಿದ ಮೇಲೆ ಮುಖಪುಟ ಸಿಕ್ಕಿತು. ಫೋಂಡಾ, ಮಾಪ್ಸಾ, ಕಾಣಕೋಣ ಎಂದು ಮೂರು ಊರುಗಳಲ್ಲಿ ಅವರ ಆಶ್ರಮಗಳಿದ್ದವು. ಪ್ರತಿ ಊರಿನೊಳಗೆ ಗಂಡಸರು, ಹೆಂಗಸರು, ಅದರೊಳಗೆ ವರ್ಷ, ವರ್ಷದೊಳಗೆ ಸಾಲು ಸಾಲು ಫೋಟೊ. ಹೊರಗಿನಿಂದ ಒಳಗೆ ಬಂದವರಿಗೆ ಎಲ್ಲವೂ ತಿಳಿಯುತ್ತಿತ್ತು. ನಿರ್ಮಲಾ ಬಂದದ್ದು ಹಾಗಲ್ಲ. ಹುಡುಕುವ ಯಂತ್ರ ಅವಳನ್ನು ನೇರವಾಗಿ ಒಳಕೋಣೆಯಲ್ಲಿ ತಂದು ಇಳಿಸಿತ್ತು, ಅದು ಯಾವ ಮನೆಯ ಕೋಣೆ ಎಂದು ಹೇಳಿರಲಿಲ್ಲ.

ಒಂದೊಂದೇ ಊರು ತೆರೆದು ನೋಡೋಣವೆಂದು ಫೋಂಡಾ ಒತ್ತಿದರು. ಆಗಲೇ ಕರೆಂಟು ಹೋಯಿತು. ಜೋಯಿಡಾ ಕಡೆ ಮರ ಬಿದ್ದು ತಂತಿ ಹರಿದಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದರು. ಮುಖಪುಟದಿಂದ ಬರೆದುಕೊಂಡಿದ್ದ ಗೋವೆಯ ನಂಬರುಗಳಿಗೆ ಫೋನು ಹಚ್ಚಿದರೆ ಗಾಳಿಮಳೆಗೆ ಯಾವುದೂ ತಾಗಲಿಲ್ಲ.

ನಿರ್ಮಲಾ ಆ ಪ್ರಿಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಓಡಿದಳು. ಕಾಶೆವ್ವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಸೊರಗ್ಯಾನ" ಎಂದಳು. ಆಮೇಲೆ, "ಎಲ್ಲಿ ಅದಾನ?"

"ಗೋವಾದಾಗ, ಅತ್ತೀ. ಮೂರು ಊರ ಅದಾವ. ಯಾವ ಊರಾಗ ಅಂತ ಇದರಾಗ ಬರದಿಲ್ಲ. ಕರೆಂಟ್ ಬರಲಿ, ನೋಡಿ ಹೇಳ್ತೇನಿ."

"ಫೋಟೊ ಹಾಕಿದವರು ಊರ ಹಾಕೂದಿಲ್ಲೇನ? ಕಾಯೂದು ಬ್ಯಾಡ. ಸೊರಗ್ಯಾನಂತ ಕಾಣಸ್ತೈತಿ. ರೈಲಿನ ಗುಂಟ ಇಳದಾನಂದ್ರ ಹತ್ತರದ್ದು ಯಾವ್ದು?"

"ಫೋಂಡಾ ಇರಬೇಕ್ರಿ."

"ಮುಂಜಾನೆ ಫೋಂಡಾಕ್ಕ ಹೋಗೂಣು."

ನಿರ್ಮಲಾಳಿಗೂ ಅದೇ ಸರಿಯೆನಿಸಿತು. ಎರಡು ವರ್ಷ ಕಾದವರಿಗೆ ಇನ್ನೊಂದು ದಿನ ಕಾಯುವ ಶಕ್ತಿ ಉಳಿದಿರಲಿಲ್ಲ.

ಅಳ್ನಾವರದಲ್ಲಿ ರೈಲು ಹತ್ತಿದರು. ಲೋಂಡಾ ದಾಟಿತು, ಕ್ಯಾಸಲ್‌ರಾಕ್ ಬಂತು. ಕಾಶೆವ್ವ ಕಿಟಕಿಗೆ ಮುಖ ಒತ್ತಿ ಹಳಿಯ ಪಕ್ಕದ ಕಲ್ಲುಗಳನ್ನೇ ನೋಡುತ್ತಿದ್ದಳು. "ಈ ಕಲ್ಲಿನ ಮ್ಯಾಲ ನಡದಾನ" ಎಂದು ಒಂದೇ ಸಲ ಅಂದಳು. ಘಟ್ಟದ ಕೆಳಗಿನ ಕುಳೆ ಸ್ಟೇಶನ್ನಿನಲ್ಲಿ ಇಳಿದು ಬಸ್ಸು ಹಿಡಿದು ಫೋಂಡಾ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಆಶ್ರಮ ಊರ ಹೊರಗಿತ್ತು. ಅಲ್ಲಿನ ಮೇಲ್ವಿಚಾರಕಿ ಫೋಟೊ ನೋಡಿ ತಲೆಯಲ್ಲಾಡಿಸಿದಳು. ಈತ ನಮ್ಮಲ್ಲಿಲ್ಲ ಎಂದಳು. ನಮ್ಮ ಗೋಡೆ ಬಿಳಿ, ಮಾಪ್ಸಾದ ಆಶ್ರಮದ ಗೋಡೆ ಹಳದಿ, ಅಲ್ಲಿಯೇ ಇರಬೇಕು ಎಂದು ಸೇರಿಸಿದಳು. ಅವಳ ಟೆಲಿಫೋನು ಎರಡು ದಿನದಿಂದ ಸತ್ತಿತ್ತು. ಅವಳು ಇಬ್ಬರನ್ನೂ ಕೂರಿಸಿ ಊಟ ಹಾಕಿಸಿದಳು. ಕಾಶೆವ್ವ ತಟ್ಟೆಗೆ ಕೈ ಹಚ್ಚಲಿಲ್ಲ.

ಅದೇ ಹೊತ್ತಿಗೆ ಹಳಿಯಾಳದಲ್ಲಿ ಕರೆಂಟು ಬಂದಿತ್ತು. ಅಡಿವೆಯ್ಯನವರು ಸೆಂಟರಿನ ಬಾಗಿಲು ಅರ್ಧ ಎಳೆದುಕೊಂಡು ಒಂದೊಂದೇ ಪುಟ ತೆರೆಯುತ್ತ ಕೂತಿದ್ದರು. ಫೋಂಡಾದ ಗಂಡಸರು ಮುಗಿದರು, ಮಾಪ್ಸಾದವರು ಮುಗಿದರು. ಕಾಣಕೋಣದ ಪುಟಗಳಲ್ಲಿ ಕಿರಣಕುಮಾರ ಸಿಕ್ಕ. ಅವರು ಫೋಂಡಾಕ್ಕೆ ಫೋನು ಹಚ್ಚಿದರು, ತಾಗಲಿಲ್ಲ. ಕಾಣಕೋಣಕ್ಕೆ ತಾಗಿತು. "ಅವರ ತಾಯಿ, ಹೆಂಡತಿ ಹೊಂಟಾರ್ರಿ. ಆದ್ರ ಬ್ಯಾರೆ ಕಡೆ ಹೋಗ್ಯಾರ" ಎಂದು ಹೇಳಿದರು. ಮಾಪ್ಸಾಕ್ಕೂ ಹೇಳಿ ಇಟ್ಟರು.

ಹೀಗಾಗಿ, ಸಂಜೆ ಬಸ್ಸಿನಿಂದಿಳಿದು ಮಾಪ್ಸಾದ ಆಶ್ರಮದ ಮೆಟ್ಟಿಲು ಹತ್ತುವಾಗಲೇ ಅಲ್ಲಿನವರು ಎದುರು ಬಂದು, ನಿಮ್ಮವರು ಕಾಣಕೋಣದಲ್ಲಿದ್ದಾರೆ ಎಂದರು. ಮಾಪ್ಸಾ ಗೋವೆಯ ಒಂದು ತುದಿ, ಕಾಣಕೋಣ ಇನ್ನೊಂದು ತುದಿ. ಆ ಹೊತ್ತಿಗೆ ಅಲ್ಲಿಗೆ ಬಸ್ಸಿರಲಿಲ್ಲ.

"ಫೋನಿನ್ಯಾಗ ಒಂದು ಮಾತು ಆಡಸ್ರಿ" ಎಂದು ಕಾಶೆವ್ವ ಕೈ ಮುಗಿದಳು. ಫೋನು ಹಚ್ಚಿದರು. ಅವನು ಮಲಗಿದ್ದಾನೆ, ಎದ್ದು ಆಫೀಸಿನ ತನಕ ಬರಲಾರ, ನೀವು ಬರುವ ಸುದ್ದಿ ಹೇಳಿದ್ದೇವೆ ಎಂದು ಆ ಕಡೆಯವರು ಹೇಳಿದರು. ಆ ರಾತ್ರಿ ಇಬ್ಬರೂ ಅಲ್ಲಿಯೇ ಉಳಿದು, ಬೆಳಗಿನ ಮೊದಲ ಬಸ್ಸು ಹಿಡಿದರು.

ಮಡಗಾಂವಿನಲ್ಲಿ ಬಸ್ಸು ಬದಲಿಸಿ ಕಾಣಕೋಣ ಮುಟ್ಟಿದಾಗ ಬಿಸಿಲು ಬಿದ್ದಿತ್ತು. ಆಶ್ರಮದ ಗೋಡೆ ಹಳದಿಯೇ. ಅಂಗಳದಲ್ಲಿ ಜನ ಗುಂಪಾಗಿ ನಿಂತಿದ್ದರು. ಅಡಿಗೆ ಮಾಡುವ ಗೋದುಬಾಯಿ, ಕಾರವಾರದವಳು, ಅವರನ್ನು ಕಂಡವಳೇ ಓಡಿ ಬಂದು ಕಾಶೆವ್ವನ ಎರಡೂ ಕೈ ಹಿಡಿದುಕೊಂಡಳು.

ಕಿರಣಕುಮಾರ ತೀರಿಹೋಗಿ ಬಹಳ ಹೊತ್ತೇನೂ ಆಗಿರಲಿಲ್ಲ. ಕ್ಷಯ ಅವನ ಪುಪ್ಪುಸವನ್ನು ತಿಂದುಬಿಟ್ಟಿತ್ತು. ವರಾಂಡದ ಬೆಂಚಿನ ಪಕ್ಕ ಚಾಪೆಯ ಮೇಲೆ ಮಲಗಿಸಿದ್ದರು. ಫೋಟೊದಲ್ಲಿದ್ದ ಗಡ್ಡ ಇರಲಿಲ್ಲ. ಕೆನ್ನೆ ನುಣ್ಣಗಿತ್ತು.

"ನಿನ್ನೆ ಸಂಜೆ ನೀವು ಬರ್ತೀರಿ ಅಂತ ಹೇಳಿದ್ವಿ" ಎಂದಳು ಗೋದುಬಾಯಿ, ತನ್ನ ಕಾರವಾರದ ಕನ್ನಡದಲ್ಲಿ. "ಬೆಳಿಗ್ಗೆ ಎದ್ದವನೇ ಗಡ್ಡ ತೆಗೀರಿ, ಅವ್ವ ಬೈತಾಳೆ ಅಂದ. ತೆಗೆಸಿದ್ವಿ. ಇಲ್ಲೇ ಬೆಂಚಿನ ಮೇಲೆ ಕೂತಿದ್ದ. ಬಸ್ಸು ಎಲ್ಲಿ ತನಕ ಬಂತು, ಎಲ್ಲಿ ತನಕ ಬಂತು ಅಂತ ಎರಡು ಸಲ ಕೇಳಿದ. ಚಹಾ ತರ್ತೇನೆ ಅಂತ ಒಳಗೆ ಹೋದೆ."

ನಿರ್ಮಲಾ ಚಾಪೆಯ ಬಳಿ ಮಂಡಿಯೂರಿ ಅವನ ಪಾದ ಹಿಡಿದುಕೊಂಡಳು. ಕಾಶೆವ್ವ ಮಗನ ಬಳಿ ಕೂತು ಅವನ ಗದ್ದವನ್ನು ಸವರಿದಳು. ಕಿವಿಯ ಕೆಳಗೆ ಕ್ಷೌರದವನು ಬಿಟ್ಟ ನಾಲ್ಕು ಕೂದಲಿದ್ದವು. ಅಲ್ಲಿಯೇ ಅವಳ ಬೆರಳು ನಿಂತಿತು. ಅವಳು ಅಳಲಿಲ್ಲ.

ಸಂಸ್ಥೆಯವರೇ ಗಾಡಿ ಕೊಟ್ಟರು. ಕಾರವಾರ ದಾಟಿ, ಅಣಶಿ ಘಟ್ಟ ಹತ್ತಿ, ಜೋಯಿಡಾ, ದಾಂಡೇಲಿಯ ಮೇಲೆ ಗಾಡಿ ಸಾಗಿತು. ದಾಂಡೇಲಿಯ ಬಸ್ ಸ್ಟ್ಯಾಂಡು ಕಂಡಾಗ ನಿರ್ಮಲಾಳಿಗೆ ಥಟ್ಟನೆ ಹೊಳೆಯಿತು: ಈ ದಾರಿಯೇ ಇತ್ತು. ಕಾರವಾರದ ಬಸ್ಸು ದಿನಾ ಕಣ್ಣೆದುರಿಗೇ ಹೋಗುತ್ತದೆ. ಕಾಣಕೋಣ ಎಂದು ಗೊತ್ತಿದ್ದರೆ ನಿನ್ನೆ ಸಂಜೆಗೇ ಮುಟ್ಟುತ್ತಿದ್ದರು. ಒಂದು ರಾತ್ರಿ ಅವನ ಪಕ್ಕದಲ್ಲಿ ಕೂತಿರುತ್ತಿದ್ದರು. ಅವನು ಉಳಿಯುತ್ತಿರಲಿಲ್ಲ, ನಿಜ. ಆದರೆ ಬಸ್ಸು ಎಲ್ಲಿಗೆ ಬಂತೆಂದು ಕೇಳುತ್ತ ಸಾಯುತ್ತಿರಲಿಲ್ಲ.

ಎದುರು ಕೂತ ಕಾಶೆವ್ವನೂ ಅದನ್ನೇ ಯೋಚಿಸಿರಬೇಕು. "ಫೋಂಡಾ ಅಂತ ನೀ ಅಂದಿ" ಎಂದಳು, ಸೊಸೆಯ ಮುಖ ನೋಡದೆ.

"ಹೌದ್ರಿ, ಅಂದೆ."

"ಹೋಗೂಣು ಅಂತ ನಾ ಅಂದೆ" ಎಂದಳು ಕಾಶೆವ್ವ. ಮರುದಿನ ಮುಂಜಾನೆ ಹಳಿಯಾಳದಲ್ಲಿ ಮಣ್ಣು ಮಾಡಿದರು. ಆಮೇಲೆ ತಿಂಗಳುಗಟ್ಟಲೆ ಅತ್ತೆ ಸೊಸೆಯರ ನಡುವೆ ಊಟಕ್ಕೆ ಕರೆಯುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಕಾಶೆವ್ವ ಅಂಗಡಿ ತೆರೆಯುವುದನ್ನು ನಿಲ್ಲಿಸಿದಳು. ತವರಿಗೆ ಬಾ ಎಂದು ಮುಂಡಗೋಡದಿಂದ ನಿರ್ಮಲಾಳ ಅಣ್ಣ ಬಂದು ಕರೆದ. ಹೋಗೆಂದೂ ಇರೆಂದೂ ಕಾಶೆವ್ವ ಹೇಳಲಿಲ್ಲ. ನಿರ್ಮಲಾ ಹೋಗಲಿಲ್ಲ. ಅವಳು ಹೊರಟರೆ ಆ ಮುದುಕಿ ಯಾರಿಗೆ ಮುಖ ತಿರುಗಿಸಿ ಕೂರಬೇಕು?

ಆ ವರ್ಷದ ಕೊನೆಗೆ ನಿರ್ಮಲಾ ಸಂಸ್ಥೆಗೆ ಒಂದು ಇಮೇಲ್ ಬರೆದಳು. ಬೈಗುಳವಿರಲಿಲ್ಲ ಅದರಲ್ಲಿ. ನಡೆದದ್ದನ್ನು ಬರೆದು, 'ಪ್ರತಿ ಫೋಟೊದ ಪುಟದಲ್ಲೂ ಆ ಪುಟ ಯಾವ ಊರಿನದು, ಯಾವ ಆಶ್ರಮದ್ದು ಎಂದು ಹೇಳುವ ಒಂದು ಸಾಲು ಮೇಲೆ ಇರಲಿ. ನಮ್ಮಂಥವರು ನಿಮ್ಮ ಮುಂಬಾಗಿಲಿನಿಂದ ಬರುವುದಿಲ್ಲ' ಎಂದು ಕೇಳಿಕೊಂಡಿದ್ದಳು.

ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವನು ಮಡಗಾಂವಿನ ಸಾವಂತ ಎಂಬ ಕಾಲೇಜು ಮೇಷ್ಟ್ರು. ಸಂಬಳವಿಲ್ಲದೆ, ರಜೆಯ ದಿನಗಳಲ್ಲಿ ಮಾಡುತ್ತಿದ್ದ. ಅವನ ಉತ್ತರ ಬರಲು ಒಂದು ವಾರ ಹಿಡಿಯಿತು. ನಾನು ಯಾವಾಗಲೂ ಮುಖಪುಟದಿಂದಲೇ ಒಳಗೆ ಹೋಗುತ್ತಿದ್ದೆ, ಹಾಗಾಗಿ ಯಾವ ಪುಟದಲ್ಲಿದ್ದೇನೆಂದು ನನಗೆ ಯಾವಾಗಲೂ ಗೊತ್ತಿರುತ್ತಿತ್ತು. ಗೊತ್ತಿಲ್ಲದವರು ಹೇಗೆ ನೋಡುತ್ತಾರೆಂದು ಒಮ್ಮೆಯೂ ಯೋಚಿಸಲಿಲ್ಲ, ಕ್ಷಮಿಸಿ ಎಂದು ಬರೆದಿದ್ದ. ನೀವು ಹೇಳಿದ ಸಾಲಿಗೆ ಒಂದು ಹೆಸರಿದೆ, ಬ್ರೆಡ್‌ಕ್ರಂಬ್ ಎನ್ನುತ್ತಾರೆ. ಕಾಡಿಗೆ ಹೋಗುವವರು ದಾರಿ ತಪ್ಪಬಾರದೆಂದು ರೊಟ್ಟಿಯ ಚೂರು ಉದುರಿಸುತ್ತ ಹೋಗುತ್ತಾರಲ್ಲ, ಹಾಗೆ. ಹಾಕುತ್ತೇನೆ. ಕನ್ನಡದವರು ನಮ್ಮಲ್ಲಿ ಬಹಳ ಇದ್ದಾರೆ, ಕನ್ನಡದಲ್ಲೂ ಹಾಕಬೇಕೆಂದಿದ್ದೇನೆ, ಪದಗಳನ್ನು ಟೈಪ್ ಮಾಡಿ ಕಳಿಸುತ್ತೀರಾ ಎಂದು ಕೇಳಿದ್ದ.

ನಿರ್ಮಲಾ ಕಳಿಸಿದಳು. ಸಾವಂತನೂ ಅವಳೂ ಮಳೆಗಾಲ ಬರುವ ತನಕ ಕೆಲಸ ಮಾಡಿದರು. ಕನ್ನಡದ ಅಕ್ಷರಗಳು ಕೆಲವು ಕಂಪ್ಯೂಟರಿನಲ್ಲಿ ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಅದಕ್ಕೆ ಅವನು ಪದಗಳನ್ನು ಸಣ್ಣ ಚಿತ್ರಗಳಾಗಿ ಮಾಡಿ ಹಾಕಿದ. ವರ್ಷದ ಬದಲು ಅವರವರ ಈಗಿನ ಸ್ಥಿತಿಯಂತೆ ಫೋಟೊಗಳನ್ನು ವಿಂಗಡಿಸಿದ. ಕೊನೆಗೆ ಪ್ರತಿ ಪುಟದ ಮೇಲೂ ಒಂದು ತೆಳುವಾದ ಸಾಲು ಬಂತು. ಸಾಲಿನ ಯಾವ ಪದದ ಮೇಲೆ ಒತ್ತಿದರೂ ಆ ಪುಟ ತೆರೆಯುತ್ತಿತ್ತು. ಊರಿನ ಹೆಸರು ಒತ್ತಿದರೆ ಆಶ್ರಮದ ವಿಳಾಸ, ಫೋನು, ಬಸ್ಸಿನ ದಾರಿ.

ಅಂದು ಮನೆಗೆ ಬಂದ ನಿರ್ಮಲಾ, ಊಟಕ್ಕೆ ಕೂತಾಗ ಅತ್ತೆಗೆ ಇದನ್ನೆಲ್ಲ ಹೇಳಿದಳು. ರೊಟ್ಟಿಚೂರಿನ ಹೆಸರನ್ನೂ ಹೇಳಿದಳು. ಕಾಶೆವ್ವ ಬಹಳ ದಿನಗಳ ಮೇಲೆ ಪೂರಾ ಒಂದು ಮಾತಾಡಿದಳು: "ರೊಟ್ಟಿ ಚೂರು ಚೆಲ್ಲಿದ್ರ ಇರಿವಿ ತಿಂತಾವ. ಬ್ಯಾರೆ ಹೆಸರ ಸಿಗಲಿಲ್ಲೇನ ಅವರಿಗೆ?"

ತಟ್ಟೆ ಸರಿಸಿ ಕೇಳಿದಳು: "ಅವಂದು ಇನ್ನೂ ಐತೇನ ಅದರಾಗ?"

"ಐತ್ರಿ."

ಮರುದಿನ ಕಾಶೆವ್ವ ಮೊದಲ ಸಲ ಸೆಂಟರಿಗೆ ಬಂದಳು. ಅಡಿವೆಯ್ಯನವರು ಕುರ್ಚಿ ಕೊಟ್ಟರು. ಪುಟ ತೆರೆಯಿತು. ಕಾಶೆವ್ವ ಮಗನ ಮುಖ ನೋಡಿದಳು, ಆಮೇಲೆ ಮೇಲಿನ ಸಾಲನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. 'ಮುಖಪುಟ › ಕಾಣಕೋಣ › ಗಂಡಸರು › ತೀರಿಕೊಂಡವರು'. ನಿರ್ಮಲಾ ಮುಚ್ಚಲೆಂದು ಕೈ ಚಾಚಿದಾಗ ತಡೆದಳು.

"ಹಿಂದಿಂದು ಒತ್ತು."

ನಿರ್ಮಲಾ 'ಗಂಡಸರು' ಒತ್ತಿದಳು. ಕಾಣಕೋಣದಲ್ಲಿ ಈಗ ಇರುವವರ ಮುಖಗಳು ಸಾಲಾಗಿ ಬಂದವು.

"ಅದರ ಹಿಂದಿಂದು."

'ಕಾಣಕೋಣ' ತೆರೆಯಿತು. ಹಳದಿ ಗೋಡೆ, ವರಾಂಡ, ಬೆಂಚು. ಬೆಂಚಿನ ಮೇಲೆ ನಾಲ್ವರು ಬಿಸಿಲು ಕಾಯುತ್ತ ಕೂತಿದ್ದರು. ಕಾಶೆವ್ವ ಬೆರಳನ್ನು ಗಾಜಿಗೆ ಮುಟ್ಟಿಸಿ ಬೆಂಚನ್ನು ತೋರಿಸಿದಳು. "ಇಲ್ಲೇ ಅಲ್ಲ?"

"ಇಲ್ಲೇರಿ."

"ಇವರೂ ಯಾರ ಮಕ್ಕಳೋ ಏನೋ" ಎಂದಳು ಕಾಶೆವ್ವ. ಮತ್ತೆ ಮರುವಾರ ಬಂದಳು, ಅದರ ಮರುವಾರವೂ ಬಂದಳು. ಅವಳಿಗೆ ಆ ಮುಖಗಳ ಗುರುತು ಹತ್ತಿತು. ಯಾರದಾದರೂ ಫೋಟೊ 'ಮನೆ ಸೇರಿದವರು' ಎಂಬ ಪುಟಕ್ಕೆ ಹೋದರೆ ಮೊದಲು ಕಾಣುತ್ತಿದ್ದವಳು ಅವಳೇ.

ಹಳಿಯಾಳದ ಸೆಂಟರಿನಲ್ಲಿ ಕಳೆದುಹೋದವರ ಫೋಟೊ ನೋಡಬಹುದೆಂಬ ಸುದ್ದಿ ನಿರ್ಮಲಾಳ ತವರಿನ ಕಡೆಯೂ ಹರಡಿತು. ಒಂದು ದಿನ ಮುಂಡಗೋಡದ ಹತ್ತಿರದ ಲಂಬಾಣಿ ತಾಂಡಾದಿಂದ ಶಾಂತಿಬಾಯಿ ಎಂಬ ಹೆಂಗಸು ಸೆಂಟರಿಗೆ ಬಂದಳು. ಅವಳ ತಮ್ಮ ಲಾಲು ಗೋವೆಗೆ ಕಟ್ಟಡದ ಕೆಲಸಕ್ಕೆ ಹೋದವನು ತಲೆಗೆ ಪೆಟ್ಟು ಬಿದ್ದ ಮೇಲೆ ಎಲ್ಲಿ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ವರ್ಷವಾಗಿತ್ತು. ನಿರ್ಮಲಾ ಅವನ ವಯಸ್ಸು, ಭಾಷೆ, ಕೈಮೇಲಿನ ಹಚ್ಚೆ ಎಲ್ಲವನ್ನೂ ಕೇಳಿ ಹುಡುಕಿದಳು. ಸಾಕಷ್ಟು ಹೊತ್ತು ಹಿಡಿಯಿತು. ಒಂದು ಮುಖ ಬಂದಾಗ ಶಾಂತಿಬಾಯಿ ತನ್ನ ಮಾತಿನಲ್ಲಿ ಏನೋ ಕೂಗಿಕೊಂಡು ಕಂಪ್ಯೂಟರನ್ನೇ ತಬ್ಬಿಕೊಳ್ಳಲು ಹೋದಳು.

"ಎಲ್ಲಿ ಅದಾನ್ರಿ ಅಕ್ಕಾರ? ಎಲ್ಲಿ?"

ಉತ್ತರ ಕೊಟ್ಟವಳು ಹಿಂದೆ ಕೂತಿದ್ದ ಕಾಶೆವ್ವ. ಮೇಲಿನ ಸಾಲನ್ನು ಓದಿ, "ಮಾಪ್ಸಾ" ಎಂದಳು. "ಮಾಪ್ಸಾದಾಗ ಅದಾನ. ನಮ್ಮಲ್ಲಿರುವವರು ಅಂತ ಐತಿ. ಜೀವಂತ ಅದಾನವ್ವಾ."

ಶಾಂತಿಬಾಯಿ ಹುಬ್ಬಳ್ಳಿಯ ಆಚೆ ಹೋದವಳಲ್ಲ. ಗಂಡ ಕಬ್ಬಿನ ಕೆಲಸಕ್ಕೆ ದೂರ ಹೋಗಿದ್ದ. "ಒಬ್ಬಾಕಿ ಹೆಂಗ ಹೋಗ್ಲಿ?" ಎಂದು ಅವಳು ಅಡಿವೆಯ್ಯನವರ ಮುಖ ನೋಡಿದಳು.

"ನಾ ಬರ್ತೇನಿ. ಆ ದಾರಿ ನನಗ ಗೊತ್ತೈತಿ" ಎಂದಳು ಕಾಶೆವ್ವ.

ನಿರ್ಮಲಾ ಬೇಡವೆಂದಳು. ವಯಸ್ಸಾಯಿತು, ಆ ದಾರಿ ಮತ್ತೆ ಬೇಡ ಅತ್ತೀ, ನಾನು ಹೋಗುತ್ತೇನೆ ಎಂದಳು. ಕಾಶೆವ್ವ ಕೇಳಲಿಲ್ಲ. ಸೆಂಟರಿನಿಂದಲೇ ಮಾಪ್ಸಾಕ್ಕೆ ಫೋನು ಮಾಡಿ ಹೇಳಿದರು. ಮುಂಜಾನೆ ಇಬ್ಬರೂ ಅಳ್ನಾವರಕ್ಕೆ ಹೊರಟರು.

ಅವರು ತಿರುಗಿ ಬರುವ ದಿನ ನಿರ್ಮಲಾ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದಳು. ಮೊದಲು ಶಾಂತಿಬಾಯಿ ಇಳಿದಳು. ಅವಳು ಕೈ ಹಿಡಿದು ಇಳಿಸಿಕೊಂಡ ಲಾಲು ತೆಳ್ಳಗಾಗಿದ್ದ, ಮಾತು ತಡವರಿಸುತ್ತಿತ್ತು, ಅಕ್ಕನ ಸೆರಗನ್ನು ಮಾತ್ರ ಬಿಟ್ಟಿರಲಿಲ್ಲ. ಅಲ್ಲಿ ಮೊದಲು ಅವನು ಅಕ್ಕನ ಗುರುತೇ ಹಿಡಿಯಲಿಲ್ಲವಂತೆ. ಅವಳು ಅವರ ಮನೆಮಾತಿನಲ್ಲಿ ತಾಯಿಯ ಹೆಸರು ಹೇಳಿದಾಗ ಎದ್ದು ಬಂದನಂತೆ. ಶಾಂತಿಬಾಯಿ ಕಾಶೆವ್ವನ ಕಾಲು ಮುಟ್ಟಿ, ನಿರ್ಮಲಾಳ ಕಾಲಿಗೂ ಬಗ್ಗಿದಳು. ಮುಂಡಗೋಡದ ಬಸ್ಸು ನಿಂತಿತ್ತು. ಅಕ್ಕ ತಮ್ಮ ಹತ್ತಿ ಹೋದರು.

ಅತ್ತೆ ಸೊಸೆ ಮನೆಯ ಕಡೆ ನಡೆದರು. ಕಾಶೆವ್ವ ಚೀಲವನ್ನು ಯಾರ ಕೈಗೂ ಕೊಡಲಿಲ್ಲ. ಮನೆಯ ಕಟ್ಟೆ ಬಂದಾಗ ಅದರ ಮೇಲೆ ಕೂತಳು, ಒಳಗೆ ಹೋಗಲಿಲ್ಲ.

"ದಣದ್ರೇನ್ರಿ? ನೀರ ತರ್ಲಿ?" ಎಂದು ನಿರ್ಮಲಾ ಕೇಳಿದಳು.

"ಸೀದಾ ಹೋದ್ವಿ, ನಿರ್ಮಲಾ" ಎಂದಳು ಕಾಶೆವ್ವ. "ಎಲ್ಲೂ ಯಾರನ್ನೂ ಕೇಳಲಿಲ್ಲ. ಒಂದ ಬಾಗಲಾ ಬಡದ್ವಿ, ಅದ ಬಾಗಲದಾಗ ಅವ ಕುಂತಿದ್ದ." ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಅಷ್ಟ ಸೀದಾ ಇತ್ತಲ್ಲವ್ವಾ ದಾರಿ. ಅಷ್ಟ ಸೀದಾ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಮೂರು ವರ್ಷ ತಡೆದದ್ದು ಒಮ್ಮೆಲೆ ಬಂತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನಿರ್ಮಲಾ ಚೀಲವನ್ನು ಬದಿಗಿಟ್ಟು, ಅತ್ತೆಯ ಪಕ್ಕ ಕಟ್ಟೆಯ ಮೇಲೆ ಕೂತು, ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ದೀಪ ಹಚ್ಚುವ ಹೊತ್ತಾದರೂ ಇಬ್ಬರೂ ಏಳಲಿಲ್ಲ.